ಮುಂದಿನ ಗಾಲಿ ಮತ್ತು ಎರಡು ಬುಷ್

ಮಕ್ಕಳಿಗೆ ಅಳತೆಯ ಪಾಠ ಹೇಳುವ ವಿಜ್ಞಾನದ ಮೇಷ್ಟ್ರು ನಾನು. ಆದರೂ ಒಂದು ಗಾಲಿಯನ್ನು ನಟ್ಟನಡುವೆ ನಿಲ್ಲಿಸಲಾಗದೆ ಮೂರು ವಾರ ಒದ್ದಾಡಿದೆ ಎಂದರೆ ನೀವು ನಗಬಹುದು. ನಗಿ, ಮಧುಗಿರಿಯಲ್ಲಿ ಆಗಲೇ ಎಲ್ಲರೂ ನಕ್ಕಾಗಿದೆ.

ಹಳೆಯ ಬೈಕಿಗೆ ದಪ್ಪ ಗಾಲಿ ಹಾಕಿದರೆ ಠೀವಿ ಬರುತ್ತದೆಂಬ ಹುಚ್ಚು ಈ ವಯಸ್ಸಿನಲ್ಲಿ ಹತ್ತಿತು. ಗುಜರಿಯಿಂದ ಒಂದು ಬೈಕಿನ ಫೋರ್ಕು, ಇನ್ನೊಂದರ ಡಿಸ್ಕ್ ಬ್ರೇಕಿನ ಗಾಲಿ ತಂದೆ. ಫೋರ್ಕಿನ ಎರಡು ಕಾಲುಗಳ ನಡುವೆ ಗಾಲಿ ಅತ್ತಿತ್ತ ಓಡಾಡುತ್ತಿತ್ತು. ಆ ಸಂದು ತುಂಬಲು ಆಚೆಗೊಂದು ಈಚೆಗೊಂದು ಬುಷ್, ಅಂದರೆ ಕಬ್ಬಿಣದ ಬಳೆ, ಬೇಕು.

ಶಿರಾದಲ್ಲಿ ಕಬ್ಬಿಣ ಕಡೆಯುವ ಲೇತ್ ಇಟ್ಟುಕೊಂಡಿರುವ ಬಷೀರ್ ಸಾಬರು, ಗಾಲಿ ಫೋರ್ಕು ಎರಡನ್ನೂ ತನ್ನಿ, ನಾನೇ ಅಳೆಯುತ್ತೇನೆ ಎಂದರು. ಅಳತೆ ನನ್ನ ಕಸುಬು ಎಂದು ಬೀಗಿದೆ. ಸಮಪಾಲೇ ನ್ಯಾಯವೆಂದು ನಂಬಿದವನಾದ್ದರಿಂದ ಒಟ್ಟು ಸಂದನ್ನು ಎರಡರಿಂದ ಭಾಗಿಸಿ ಚೀಟಿ ಬರೆದುಕೊಟ್ಟೆ. ಅವರು ಹಾಗೇ ಮಾಡಿಕೊಟ್ಟ ಬುಷ್ ಕೂರಿಸಿದರೆ ಗಾಲಿ ಒಂದು ಪಕ್ಕಕ್ಕೆ ಸರಿದು ನಿಂತಿತ್ತು. ಬುಷ್ ತೆಗೆದು ಅಳೆದೆ, ಕೂದಲೆಳೆಯಷ್ಟೂ ತಪ್ಪಿಲ್ಲ. ತಲೆ ಚಿಟ್ಟು ಹಿಡಿಯಿತು. ಬೀದಿಯಲ್ಲಿ ಹೋಗುವವರೆಲ್ಲ ಒಂದು ಕಣ್ಣು ಮುಚ್ಚಿ ನೋಡಿ ತೀರ್ಪು ಕೊಡತೊಡಗಿದರು. ಜನ್ಮದಲ್ಲಿ ಸೈಕಲ್ ತುಳಿಯದ ಪುರೋಹಿತರೂ ಒಂದು ವಾಷರ್ ಹಾಕಿ ಎಂದಾಗ ಸ್ಪ್ಯಾನರ್ ಎಸೆದು ಒಳಗೆ ಹೋದೆ.

ಶುಕ್ರವಾರ ಪಾವಗಡದಲ್ಲಿ ನಾದಿನಿಯ ಮನೆಯ ಗೃಹಪ್ರವೇಶ. ಅಷ್ಟರಲ್ಲಿ ಗಾಲಿ ಸರಿಹೋದರೆ ನಿಮ್ಮ ಹಿಂದೆ ಕೂರುತ್ತೇನೆ, ಇಲ್ಲದಿದ್ದರೆ ನಾನು ಬಸ್ಸಿಗೆ ಹೋಗುತ್ತೇನೆ ಎಂದು ಹೆಂಡತಿ ಗಿರಿಜೆ ಹೇಳಿಬಿಟ್ಟಳು. ಅವಳನ್ನು ಕೂರಿಸಿಕೊಂಡು ಆ ಮನೆ ಮುಂದೆ ಠೀವಿಯಿಂದ ಇಳಿಯಬೇಕೆಂದೇ ನಾನು ಇಷ್ಟೆಲ್ಲ ಪಾಡುಪಟ್ಟದ್ದು.

ಕೊನೆಗೆ ಗಾಲಿ, ಫೋರ್ಕು ಹೊತ್ತು ಶಿರಾ ಬಸ್ಸು ಹತ್ತಿದೆ. ಸಾಬರು ರಿಮ್ಮಿನಿಂದ ಅಳತೆ ಹಿಡಿದರು. ಡಿಸ್ಕಿನ ಕಡೆ ಹಬ್ಬು, ಅಂದರೆ ಗಾಲಿಯ ನಡುವಿನ ಗುಂಬ, ಉದ್ದವಾಗಿತ್ತು.

"ಗಾಲಿಯ ಎರಡು ಮಗ್ಗಲೂ ಸಮ ಇಲ್ಲ ಮೇಷ್ಟ್ರೇ. ಬುಷ್ ಮಾತ್ರ ಸಮ ಮಾಡಿದ್ರೆ ಹೆಂಗೆ ಮಧ್ಯ ನಿಲ್ತೈತೆ?"

ಒಂದನ್ನು ತೆಳ್ಳಗೆ, ಇನ್ನೊಂದನ್ನು ದಪ್ಪಗೆ ಮಾಡಿಕೊಟ್ಟರು. ಗಾಲಿ ಸರಿಯಾಗಿ ಕೂತಿತು. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಶುಕ್ರವಾರ ಗಿರಿಜೆ ಮಾತಿಗೆ ತಪ್ಪದೆ ಹಿಂದೆ ಕೂತಳು. ಪಾವಗಡದ ರಸ್ತೆಗೆ ಬಿದ್ದ ಮೇಲೆ ಬೈಕು ಎಡಕ್ಕೆ ಎಳೆದಂತಾಯಿತು. ನಿಲ್ಲಿಸಿ, ಇಳಿದು, ಬಗ್ಗಿ ನೋಡಿ ಸಾಬರನ್ನು ಬೈಯಲು ಶುರುಮಾಡಿದೆ. ಗಿರಿಜೆಯೂ ಇಳಿದಳು.

"ಗಾಲಿ ನೆಟ್ಟಗೈತೆ ಬುಡಿ. ನೀವೇ ಎಡಕ್ಕೆ ವಾಲ್ಕೊಂಡು ಕೂರೋದು. ಮದ್ವೆ ಆದಾಗಿಂದ್ಲೂ ಹಂಗೇ."

ಇಪ್ಪತ್ತೆರಡು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು ರೇಗಿದೆ.

"ಹೇಳೋದೇನು? ನಾನು ಬಲಕ್ಕೆ ವಾಲಿ ಕೂರ್ತಿದ್ನಲ್ಲ. ಇವತ್ತು ಗಾಲಿ ಸರಿಹೋಗೈತೆ ಅಂತ ನೆಟ್ಟಗೆ ಕೂತೆ," ಎಂದು ಸೆರಗು ಸರಿಮಾಡಿಕೊಂಡು, ನಾನು ಬೈಕು ಹತ್ತಲಿ ಎಂದು ಕಾಯುತ್ತ ನಿಂತಳು.