ಎರಡು ನಾಟಕಗಳಿಗೆ ಬಿದ್ದ ಹೊಲಿಗೆ

ರಾಣಿ ಎಲಿಜಬೆತ್ ಕಾಲದ ಲಂಡನ್ನಿನಲ್ಲಿ ನಾಟಕ ಕಂಪನಿಗಳು ದಿನಕ್ಕೊಂದು ನಾಟಕ ಆಡುತ್ತಿದ್ದವಂತೆ. ನಟನಿಗೆ ಅವನ ಮಾತು, ಅದಕ್ಕೂ ಮುಂಚಿನ ಮಾತಿನ ಬಾಲ, ಇಷ್ಟನ್ನೇ ಬರೆದು ಕೊಡುತ್ತಿದ್ದರಂತೆ. ಓದಿ ನನಗೇನೂ ಆಶ್ಚರ್ಯವಾಗಲಿಲ್ಲ. ತೊಂಬತ್ತರ ದಶಕದಲ್ಲಿ, ಕೊಲ್ಲಿ ನಾಡಿನ ಸತ್ವಾ ಬಡಾವಣೆಯ ದರ್ಜಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ನಮ್ಮ ಕಂಪನಿಯೂ ಇದೇ ಘನ ಸಂಪ್ರದಾಯವನ್ನು ಪಾಲಿಸುತ್ತಿತ್ತು. ಸೇನಾಪತಿಗೆ ಶುಕ್ರವಾರ ಡ್ಯೂಟಿ ಇಲ್ಲದಿದ್ದರೆ ಯುದ್ಧದ ನಾಟಕ. ಇದ್ದರೆ ಸ್ವಯಂವರದ ನಾಟಕ. ರಾಜ, ಮಂತ್ರಿ, ಪೋಷಾಕು ಎರಡಕ್ಕೂ ಅವೇ. ಮಂತ್ರಿ ನಾನು.

ಎಲ್ಲರ ಮಾತನ್ನೂ ಅಳತೆ ಚೀಟಿಗಳ ಬೆನ್ನಿಗೆ ನಕಲು ಮಾಡಿ ಹಂಚುತ್ತಿದ್ದವರು ಅಂಗಡಿಯ ದರ್ಜಿ, ಉಡುಪಿ ಕಡೆಯವರು. ಏಳು ವರ್ಷ ನಮ್ಮ ಪೋಷಾಕು ಹೊಲಿದ ಮೇಲೆ ಅವರಿಗೂ ಒಂದು ಪಾತ್ರ ದಯಪಾಲಿಸಲಾಯಿತು: ಯುದ್ಧದ ನಾಟಕದ ಕೊನೆಯಲ್ಲಿ ಬರುವ ದೂತ, ನಾಲ್ಕು ಸಾಲು. ಆ ಶುಕ್ರವಾರ ವಿಸಿಟ್ ವೀಸಾದಲ್ಲಿ ಬಂದಿದ್ದ ಅವರ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಮರುದಿನ ಆಕೆಗೆ ಊರಿನ ವಿಮಾನ.

"ಮಂತ್ರಿಗಳೇ, ಇವತ್ತೊಂದು ದಿನ ಹೆಚ್ಚುಕಮ್ಮಿ ಮಾಡ್ಬೇಡಿ ಮಾರಾಯ್ರೆ. ನಾನಿಲ್ಲಿ ಎಂತ ಮಾಡ್ತಿದ್ದೆ ಅಂತ ಅವಳೊಮ್ಮೆ ನೋಡ್ಲಿ," ಎಂದರು. ನಾನು ರಾಜ್ಯಭಾರದ ಗಾಂಭೀರ್ಯದಿಂದ ಅಭಯ ಕೊಟ್ಟೆ.

ಮೂರನೇ ಅಂಕದಲ್ಲಿ ರಾಜ ಕೇಳಿದ: "ಮಂತ್ರಿ, ಈಗೇನು ಮಾಡೋಣ?"

"ರಾಜಕುಮಾರಿಯ ಸ್ವಯಂವರವನ್ನು ಸಾರಿಸಿ, ಪ್ರಭು!" ಎಂದೆ.

ಎರಡೂ ನಾಟಕಗಳಲ್ಲಿ ರಾಜ ಕೇಳುವುದು ಅದೇ ಪ್ರಶ್ನೆ. ನಾನು ಕೊಟ್ಟದ್ದು ಹೋದ ತಿಂಗಳ ನಾಟಕದ ಉತ್ತರ. ರಾಜ ವಿಧೇಯ ಪ್ರಾಣಿ, ಬಾಲ ಹಿಡಿದು ನೇರ ಮದುವೆ ಚಪ್ಪರಕ್ಕೇ ನಡೆದ. ಸೇನಾಪತಿ ಖಡ್ಗ ಹಿಡಿದುಕೊಂಡೇ "ಖಲಾಸ್" ಎಂದು ಗೊಣಗಿದ. ಸ್ವಯಂವರದ ನಾಟಕದಲ್ಲಿ ದೂತನೇ ಇಲ್ಲ! ಪರದೆಯ ಸಂದಿಯಲ್ಲಿ ದರ್ಜಿಯ ಮುಖ ಕಂಡಿತು.

ಆಮೇಲೆ ಅವರು ಕೈಯಲ್ಲಿದ್ದ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದೇಬಿಟ್ಟರು.

"ಪ್ರಭು! ಸ್ವಯಂವರಕ್ಕೆ ಬಂದ ಅರಸರೇ ಕೋಟೆಗೆ ಮುತ್ತಿಗೆ ಹಾಕಿದ್ದಾರೆ! ಸೇನಾಪತಿಗಳೇ, ಇನ್ನೂ ನಿಂತೇ ಇದ್ದೀರಾ?"

ಇದು ಯಾವ ನಾಟಕದಲ್ಲೂ ಇರಲಿಲ್ಲ. ಎಲ್ಲರ ಮಾತನ್ನೂ ನಕಲು ಮಾಡಿದ ಮನುಷ್ಯ. ಒಬ್ಬೊಬ್ಬರಿಗೂ ಬೇಕಾದ ಬಾಲವನ್ನು ಎಸೆಯುತ್ತ, ನಮ್ಮನ್ನು ಮದುವೆಯಿಂದ ಯುದ್ಧಕ್ಕೆ ದಾಟಿಸಿದರು. ನಾಲ್ಕು ಸಾಲು ನಲವತ್ತಾಯಿತು. ಹೊಲಿಗೆ ಕಾಣಲಿಲ್ಲ. ಆ ಊರಿನಲ್ಲಿ ಮರಳಿನಿಂದ ಗೋಪುರಗಳು ಏಳುವುದನ್ನು ನೋಡಿದ್ದೇನೆ. ಬಾಯಿ ಬಿಟ್ಟುಕೊಂಡು ನಿಂತದ್ದು ಅಂದು ಮಾತ್ರ.

ಪರದೆ ಬಿದ್ದ ಮೇಲೆ ಹೆಂಡತಿ ಒಳಗೆ ಬಂದು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಮಗೆ ಇಷ್ಟೆಲ್ಲ ಮಾತಾಡ್ಲಿಕ್ಕೆ ಬರ್ತದಾ? ಏಳು ವರ್ಷ ಫೋನಿನಲ್ಲಿ ಮೂರೇ ಮಾತು: ಹೂಂ, ಸರಿ, ಇಡ್ತೇನೆ!"

ದೂತರು ತಲೆ ತಗ್ಗಿಸಿದರು.

"ಹೂಂ," ಎಂದರು.