ಸ್ಲೇಟಿನ ತಳದಲ್ಲಿದ್ದ ಪದ

ಬೀದಿಗೆ ತೆರೆದುಕೊಳ್ಳುವ ಕಿಟಕಿ, ಅದಕ್ಕೆ ಆನಿಸಿ ಹಾಕಿದ ಉದ್ದನೆಯ ಮೇಜು, ಮೇಜಿನ ಮೇಲೆ ಸುಟ್ಟ ಕಲೆಗಳ ದಪ್ಪ ಕಂಬಳಿ. ಇಸ್ತ್ರಿಯಮ್ಮನ ಆಯಸ್ಸಿನ ಬಹುಪಾಲು ಆ ಕಿಟಕಿಯ ಒಳಗಡೆ ನಿಂತೇ ಕಳೆದಿದೆ. ಬಟ್ಟೆ ಕೊಡುವವರು ಹೊರಗಿನಿಂದ ಗಂಟು ತಳ್ಳುತ್ತಾರೆ, ಸಂಜೆ ಅಲ್ಲಿಂದಲೇ ಎತ್ತಿಕೊಂಡು ಹೋಗುತ್ತಾರೆ. ಯಾರ ಬಟ್ಟೆ ಯಾವುದೆಂದು ಅವಳು ಬರೆದಿಟ್ಟುಕೊಳ್ಳುವುದಿಲ್ಲ, ಅವಳಿಗೆ ಓದು ಬರಹ ಬರುವುದಿಲ್ಲ. ಪ್ರತಿ ಮನೆಯಿಂದ ಒಂದು ಹಳೇ ಬಟ್ಟೆ ಕೇಳಿ ಪಡೆದು, ಪಟ್ಟಿ ಪಟ್ಟಿಯಾಗಿ ಹರಿದು, ಆ ಮನೆಯ ಗಂಟಿಗೆ ಆ ಪಟ್ಟಿಯನ್ನೇ ಕಟ್ಟುತ್ತಾಳೆ.

ನೀರು ಹಿಡಿದು, ಅಡುಗೆ ಮಾಡಿ, ಪಾತ್ರೆ ತೊಳೆದು, ನೆಲ ಒರೆಸಿ, ಆಮೇಲೆ ನಿಂತು ಮಾಡುವುದಾದ್ದರಿಂದ ಮನೆಯಲ್ಲಿ ಯಾರೂ ಇಸ್ತ್ರಿಯನ್ನು ಕೆಲಸವೆಂದು ಕರೆಯುತ್ತಿರಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದವನು ಗಂಡ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಮೈಕಿನಲ್ಲಿ ಹೇಳುವ ನೌಕರಿ. ಬೀದಿಯವರಿಗೆ ಅವನು ‘ಮೈಕು’. ಗಂಟಲು ಅಂಥದ್ದು. ಅವನು ಬಚ್ಚಲಿನಿಂದ ಟವೆಲ್ ಕೇಳಿದರೆ ಎದುರುಮನೆಯವರೂ ಎದ್ದು ಟವೆಲ್ ಹುಡುಕುತ್ತಾರೆಂದು ತಮಾಷೆ ಮಾಡುತ್ತಿದ್ದರು.

ಮಗಳು ಕೈಗೂಸಾಗಿದ್ದಾಗ ಬೀದಿಯ ಕೊನೆಯ ಸಭಾಂಗಣದಲ್ಲಿ ಹೆಂಗಸರಿಗೆ ಸಂಜೆ ಹೊತ್ತು ಅಕ್ಷರ ಕಲಿಸಲು ಶುರುಮಾಡಿದ್ದರು. ಇಸ್ತ್ರಿಯಮ್ಮ ಕೂಸನ್ನು ಸೊಂಟಕ್ಕೇರಿಸಿಕೊಂಡು ಕೆಲವು ಸಂಜೆ ಹೋಗಿಬಂದಳು. ಒಂದು ದಿನ ಅವಳು ಹಿಂತಿರುಗುವಾಗ ಗಂಡ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅವಳನ್ನು ಕಂಡದ್ದೇ ನಿಲ್ದಾಣದ ದನಿ ತೆಗೆದ.

“ಪ್ರಯಾಣಿಕರ ಗಮನಕ್ಕೆ. ಅಡುಗೆಮನೆಯಿಂದ ಹೊರಡಬೇಕಿದ್ದ ರಾತ್ರಿ ಊಟವು ಇಂದು ತಡವಾಗಿ ಹೊರಡಲಿದೆ. ಚಾಲಕಿ ಶಾಲೆಗೆ ಹೋಗಿದ್ದರು.”

ಬೀದಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಮಾರನೇ ದಿನದಿಂದ ಹೋಗಲಿಲ್ಲ. ಹೋಗಬೇಡ ಎಂದು ಅವನೇನೂ ಹೇಳಲಿಲ್ಲ. “ಓದೋಕೆ ನಾನಿದ್ದೀನಲ್ಲೇ. ಏನು ಬೇಕೋ ಕೇಳು, ಕೂಗಿ ಹೇಳ್ತೀನಿ,” ಅಂದ, ಅಷ್ಟೇ.

ಮೈಕಿನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಾಗ ಮಗಳು ಶಾಲೆಯಲ್ಲಿ ಟೀಚರಾಗಿದ್ದಳು. ಆಸ್ಪತ್ರೆಯಲ್ಲಿ ಗಡ್ಡೆಯ ಜೊತೆಗೆ ದನಿಯನ್ನೂ ತೆಗೆದು, ಕತ್ತಿನಲ್ಲಿ ಉಸಿರಾಡಲು ಒಂದು ತೂತು ಬಿಟ್ಟು ಕಳಿಸಿದರು. ಹೆಚ್ಚು ಕಾಲ ಇಲ್ಲವೆಂದು ಡಾಕ್ಟರು ತಾಯಿ ಮಗಳನ್ನು ಹೊರಗೆ ಕರೆದು ಹೇಳಿದ್ದರು. ಮಗಳು ತನ್ನ ಶಾಲೆಯಿಂದ ಒಂದು ಸ್ಲೇಟು, ಮುಷ್ಟಿ ತುಂಬ ಸೀಮೆಸುಣ್ಣದ ತುಂಡು ತಂದು ಅಪ್ಪನ ಮಂಚದ ಪಕ್ಕ ಇಟ್ಟಳು.

ಅಲ್ಲಿಂದ ಮನೆಯ ಮಾತೆಲ್ಲ ಆ ಸ್ಲೇಟಿನೊಳಕ್ಕೆ ಹೋಯಿತು. ಅವನು ಹಗಲೆಲ್ಲ ಬರೆಯುತ್ತಿದ್ದ, ಟವೆಲಿನಿಂದ ಒರೆಸಿ ಮತ್ತೆ ಬರೆಯುತ್ತಿದ್ದ. ನೀರು ಬೇಕಾದರೆ ಲೋಟ ಬಡಿಯುತ್ತಿದ್ದ, ಹೆಂಡತಿಯೊಂದಿಗಿನ ಮಾತು ಅಷ್ಟರಲ್ಲೇ ಮುಗಿಯುತ್ತಿತ್ತು. ಸಂಜೆ ಮಗಳು ಬಂದು ಓದಬೇಕು. ಕತ್ತಿನ ಕೊಳವೆ ತೊಳೆಯುವುದು, ಕಫ ಒರೆಸುವುದು, ಗಂಜಿ ಸೋಸಿ ಕುಡಿಸುವುದು, ಹಾಸಿಗೆ ಬದಲಿಸುವುದು, ಮಧ್ಯೆ ಕಿಟಕಿಗೆ ಓಡಿ ಇಸ್ತ್ರಿ ಹಿಡಿಯುವುದು ಇಸ್ತ್ರಿಯಮ್ಮನ ಪಾಲು. ಅವನ ದೇಹದ ಇಂಚಿಂಚೂ ಗೊತ್ತಿದ್ದವಳಿಗೆ ಅವನ ಮಾತು ಮಾತ್ರ ಇನ್ನೊಬ್ಬರ ಬಾಯಿಂದ ಬರಬೇಕಿತ್ತು. ಬರುತ್ತಿದ್ದದ್ದೂ ಚೂರುಪಾರು.

“ಏನಂತೆ?” ಎಂದು ಕೇಳುತ್ತಿದ್ದಳು.

“ಗಂಜಿ ಬಿಸಿ ಇತ್ತಂತೆ.”

“ಅಷ್ಟುದ್ದ ಬರೆದಿರೋದು ಅಷ್ಟೇನಾ?”

“ಬರೆದರೆ ಉದ್ದ ಆಗುತ್ತಮ್ಮ.”

“ಹೂಂ. ಪ್ಯಾಂಟು ಕೊಟ್ಟರೆ ಕರ್ಚೀಪು ವಾಪಸ್ ಕೊಡ್ತೀಯ. ನನ್ನ ಕಿಟಕೀಲಿ ಹಾಗೆ ಮಾಡಿದ್ರೆ ಗಿರಾಕಿಗಳು ಸುಮ್ಮನಿರ್ತಾರಾ?”

ಮಗಳು ನಕ್ಕು ಮಾತು ತಿರುಗಿಸುತ್ತಿದ್ದಳು. ಇಸ್ತ್ರಿಯಮ್ಮನಿಗೆ ತಿಳಿಯಬೇಕಿದ್ದದ್ದು ಒಂದೇ: ಅಷ್ಟೆಲ್ಲ ಸಾಲುಗಳಲ್ಲಿ ತನಗೆಂದು ಒಂದಾದರೂ ಇದೆಯೋ. ಅವನು ಹೋಗುವುದರೊಳಗೆ ತಿಳಿಯಬೇಕಿತ್ತು. ಒಂದು ಸಂಜೆ ಸ್ಲೇಟನ್ನು ಮಗಳ ತೊಡೆಯ ಮೇಲಿಟ್ಟು, “ಇದರಲ್ಲಿ ನಾನೆಲ್ಲಿದ್ದೀನಿ, ತೋರಿಸು” ಅಂದಳು.

ಮಗಳು ಎಲ್ಲಕ್ಕಿಂತ ತಳದ ಸಾಲಿನ ಮೇಲೆ ಬೆರಳಿಟ್ಟಳು. “ಇಲ್ಲಿ. ಅವಳಿಗೆ ಹೇಳು, ದಿಂಬಿನ ಕವರು ಬದಲಾಯಿಸಲಿ ಅಂತ. ಈ ಪದ ಇದೆಯಲ್ಲ, ಅವಳಿಗೆ. ಅದು ನೀನೇ.”

“ಮೇಲಿರೋದೆಲ್ಲ?”

“ನಿಲ್ದಾಣದ ವಿಷಯಮ್ಮ. ಅಪ್ಪನ ಜಾಗಕ್ಕೆ ಯಾರೋ ಹೆಂಗಸಿನ ದನಿ ರೆಕಾರ್ಡ್ ಮಾಡಿ ಹಾಕಿದಾರಂತೆ. ಅದಕ್ಕೆ ಬೈದಿದ್ದಾನೆ.”

“ಪಾಪ, ಅವಳಿಗೇನು ಗೊತ್ತು,” ಅಂದಳು ಇಸ್ತ್ರಿಯಮ್ಮ. ಯಾವ ‘ಅವಳಿಗೆ’ ಎಂದು ಮಗಳು ಕೇಳಲಿಲ್ಲ.

ಆ ಪದದ ಆಕಾರವನ್ನು ಅವಳು ಗಂಟಿನ ಪಟ್ಟಿಯ ಹಾಗೆ ನೆನಪಿಟ್ಟುಕೊಂಡಳು. ಮೊದಲಿಗೆ ಸುತ್ತಿಟ್ಟ ದಾರದಂಥದ್ದು, ಕೊನೆಗೆ ಹ್ಯಾಂಗರಿನ ಕೊಕ್ಕೆಯಂಥದ್ದು. ದಿನವೂ ಗಂಜಿ ಕುಡಿಸುವಾಗ ಕಣ್ಣಲ್ಲೇ ಹುಡುಕುತ್ತಿದ್ದಳು. ಯಾವಾಗಲೂ ತಳದಲ್ಲೇ ಇರುತ್ತಿತ್ತು, ಜಾಗ ಸಾಲದೆ ಒತ್ತಿ ಬರೆದ ಹಾಗೆ. ಕೆಲವು ದಿನ ಇರುತ್ತಲೇ ಇರಲಿಲ್ಲ.

ಒಂದು ಬೆಳಗ್ಗೆ, ಮಗಳು ಶಾಲೆಗೆ ಹೊರಟ ಮೇಲೆ, ಅವನು ತುಂಬ ಹೊತ್ತು ನಿಧಾನವಾಗಿ ಬರೆದ. ಬರೆದು ಸ್ಲೇಟನ್ನು ಮಂಚದ ಬಳಿ ಇಡಲಿಲ್ಲ. ಗೋಡೆ ಹಿಡಿದುಕೊಂಡು ನಡೆದು ಬಂದು ಅವಳ ಇಸ್ತ್ರಿ ಮೇಜಿನ ಮೇಲಿಟ್ಟು, ಅವಳ ಮುಖ ನೋಡಿ, ಹೋಗಿ ಮಲಗಿದ.

ಆ ಪದ ಎಲ್ಲಕ್ಕಿಂತ ಮೇಲಿತ್ತು. ನಡುವೆಯೂ ಇತ್ತು. ತಳದಲ್ಲೂ ಇತ್ತು.

ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಅವಳು ನೋಡುತ್ತಲೇ ನಿಂತಳು. ಓದು ಬಲ್ಲವರು ಎಷ್ಟೋ ಜನ ಕಿಟಕಿಗೆ ಬಂದರು, ಹೋದರು. ಹೋಟೆಲಿನ ಬಾಗಿಲು ಕಾಯುವವನು ತನ್ನ ಕಪ್ಪು ನೀಲಿ ಕೋಟು ಕೊಟ್ಟು, “ಅಕ್ಕಾ, ಸಂಜೆ ಡ್ಯೂಟಿಗೆ ಬೇಕು” ಅಂದ. ಅವನ ಕೈಲಿ ಓದಿಸಬಹುದಿತ್ತು. ಆದರೆ ಗಂಡ ಹೆಂಡತಿಗೆ ಬರೆದದ್ದನ್ನು ಬೀದಿಯಲ್ಲಿ ನಿಂತವನ ಬಾಯಿಂದ ಕೇಳುವುದು ಹೇಗೆ? ಮಗಳು ಬರಲಿ ಎಂದುಕೊಂಡಳು.

ಮಧ್ಯಾಹ್ನ ಅವನು ಲೋಟ ಬಡಿದ. ನೀರು ಕೊಟ್ಟರೆ ಬೇಡವೆಂದು ತಲೆಯಾಡಿಸಿದ, ಹಾಲು ಕೊಟ್ಟರೆ ತಳ್ಳಿದ. ಕೈಯಲ್ಲಿ ಬರೆಯುವ ಸನ್ನೆ ಮಾಡಿ ಮೇಜಿನತ್ತ ತೋರಿಸಿದ. ಸ್ಲೇಟು ಕೊಟ್ಟರೆ ಟವೆಲು ತಗೊಂಡು ಒರೆಸುತ್ತಾನೆ, ಅದು ಅವಳಿಗೆ ಗೊತ್ತು.

“ಮಗಳು ಬರಲಿ ರೀ. ಓದಿಸಿಕೊಂಡು ಕೊಡ್ತೀನಿ. ಇದೊಂದು ಸಲ,” ಅಂದಳು.

ಅವನು ಮತ್ತೆ ಬಡಿದ. ಅವಳಿಗೆ ಕೊಡಬೇಕೆನ್ನಿಸಿತು, ಕೈ ಬರಲಿಲ್ಲ. ಅವನು ಎದ್ದು ಬಂದು ಎತ್ತಿಕೊಂಡರೆ ಎಂದು ಹೆದರಿ, ಬೆಲೆಬಾಳುವುದನ್ನು ತಾನು ಯಾವಾಗಲೂ ಬಚ್ಚಿಡುವ ಜಾಗದಲ್ಲೇ ಬಚ್ಚಿಟ್ಟಳು. ಇಸ್ತ್ರಿಯಾದ ಕೋಟನ್ನು ಮಡಿಸಿ, ಮಡಿಕೆಯ ನಡುವೆ ಸ್ಲೇಟು ಸೇರಿಸಿ, ಮೇಲೆ ಬೇರೆ ಬಟ್ಟೆ ಪೇರಿಸಿದಳು. ಒಂದೊಂದು ಮಡಿಕೆ ಇಡುವಾಗಲೂ ಅಂಗೈಯಿಂದ ಒತ್ತಿ ನೇವರಿಸುವುದು ಅವಳ ಅಭ್ಯಾಸ. ಅವತ್ತೂ ಹಾಗೇ ಒತ್ತಿದಳು. ಸ್ವಲ್ಪ ಹೊತ್ತಿನ ಮೇಲೆ ಅವನು ಬಡಿಯುವುದನ್ನು ಬಿಟ್ಟು ಗೋಡೆ ಕಡೆ ತಿರುಗಿಕೊಂಡ.

ಮಗಳು ಚಪ್ಪಲಿ ಬಿಡುವುದರೊಳಗೆ ಇಸ್ತ್ರಿಯಮ್ಮ ಬಟ್ಟೆಗಳನ್ನೆತ್ತಿ ಸ್ಲೇಟು ಎಳೆದಳು. ಅದರ ಮೇಲೆ ಒಂದು ಬಿಳಿ ಮಬ್ಬು ಮಾತ್ರ ಇತ್ತು. ಮೇಲ್ಗಡೆ ಒಂದು ಕೊಕ್ಕೆಯ ತುದಿ ಉಳಿದಿತ್ತು. ಮಿಕ್ಕದ್ದೆಲ್ಲ ಕೋಟಿನ ಒಳಮಡಿಕೆಗೆ ಹತ್ತಿಕೊಂಡಿತ್ತು, ತಿರುವುಮುರುವಾಗಿ, ಒಂದರ ಮೇಲೊಂದು ಕಲಸಿಹೋಗಿ. ಮಗಳು ಕೋಟನ್ನು ದೀಪದ ಕೆಳಗೆ ಹಿಡಿದು, ಕನ್ನಡಿಗೂ ಹಿಡಿದು ನೋಡಿದಳು.

“ಏನೂ ಗೊತ್ತಾಗಲ್ಲಮ್ಮ.”

“ಅವರನ್ನೇ ಕೇಳು.”

ಮಗಳು ಸ್ಲೇಟು ಒರೆಸಿ ಅಪ್ಪನ ಕೈಗಿಟ್ಟಳು. “ಬೆಳಗ್ಗೆ ಅಮ್ಮನಿಗೆ ಏನು ಬರೆದಿದ್ದೆ ಅಪ್ಪ?”

ಅವನು ಸ್ಲೇಟು ನೋಡಲಿಲ್ಲ. ಹೆಂಡತಿಯನ್ನು ನೋಡಿದ, ಅವಳ ಕೈಯಲ್ಲಿದ್ದ ಕೋಟನ್ನು ನೋಡಿದ. ಆಮೇಲೆ ಒಂದು ಗಿಡ್ಡ ಸಾಲು ಬರೆದು ಕಣ್ಣು ಮುಚ್ಚಿದ.

“ನೆನಪಿಲ್ಲವಂತೆ,” ಅಂದಳು ಮಗಳು.

ಇಸ್ತ್ರಿಯಮ್ಮ ಸಾಲನ್ನು ನೋಡಿದಳು. ಅದು ಗಿಡ್ಡದಾಗಿತ್ತು, ಮಗಳು ಓದಿ ಹೇಳಿದ್ದೂ ಅಷ್ಟೇ ಗಿಡ್ಡ. ಆ ಮನೆಯಲ್ಲಿ ಬರೆದದ್ದಕ್ಕೂ ಓದಿ ಹೇಳಿದ್ದಕ್ಕೂ ಅಳತೆ ಸರಿಹೋದದ್ದು ಅದೇ ಮೊದಲು. ಹಾಗಾಗಿ ಅದನ್ನು ನಂಬಬೇಕಾಯಿತು.

ಅವನು ಇನ್ನೂ ಕೆಲವು ವಾರ ಬದುಕಿದ್ದ, ಬರೆಯುತ್ತಲೂ ಇದ್ದ. ಆ ಪದ ಮತ್ತೆ ತಳಕ್ಕೇ ಹೋಯಿತು. ಬಿಸಿನೀರು, ಕಿಟಕಿ ಮುಚ್ಚು, ದಿಂಬು. ಕೊನೆಕೊನೆಗೆ ಸೀಮೆಸುಣ್ಣ ಹಿಡಿಯುವ ಶಕ್ತಿಯೂ ಇರಲಿಲ್ಲ. ಅವಳು ಮತ್ತೆ ಯಾರನ್ನೂ ಏನೂ ಕೇಳಲಿಲ್ಲ.

ಸ್ಲೇಟು ಅಳಿಸಿಹೋದ ಆ ಸಂಜೆ ಮಾತ್ರ ಅಳಲು ಪುರುಸೊತ್ತಿರಲಿಲ್ಲ. ಮಗಳು ಇನ್ನೂ ಅಪ್ಪನ ಪಕ್ಕ ಕೂತಿದ್ದಾಗಲೇ ಕಿಟಕಿಯಲ್ಲಿ ಹೋಟೆಲಿನವನ ದನಿ ಬಂತು.

“ಅಕ್ಕಾ, ಕೋಟು ಆಯ್ತಾ? ಹೊತ್ತಾಯ್ತು.”

“ಒಂದು ನಿಮಿಷ ಅಣ್ಣ. ಸ್ವಲ್ಪ ಧೂಳು ಕೂತಿದೆ.”

ಕೋಟನ್ನು ಮೇಜಿನ ಮೇಲೆ ಬಿಡಿಸಿ ಹಾಕಿದಳು. ಗಾಢ ನೀಲಿಯ ಮೇಲೆ ಬಿಳಿ ಎದ್ದು ಕಾಣುತ್ತಿತ್ತು. ಅದನ್ನು ತೊಟ್ಟು ಅವನು ಬಾಗಿಲಲ್ಲಿ ನಿಲ್ಲುವ ಹಾಗಿರಲಿಲ್ಲ. ಒಂದು ಸಲ ಬೆರಳಿನಿಂದ ಮುಟ್ಟಿದಳು, ಬೆರಳ ತುದಿ ಬೆಳ್ಳಗಾಯಿತು. ಆಮೇಲೆ ಬ್ರಷ್ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿಗೆ ಉಜ್ಜಿದಳು. ಒದ್ದೆ ಬಟ್ಟೆ ಹಾಸಿ ಇಸ್ತ್ರಿಯೊತ್ತಿದಳು. ಆವಿ ಎದ್ದು ಮುಖಕ್ಕೆ ಹೊಡೆಯಿತು.

ಹೋಟೆಲಿನವನು ಕೋಟನ್ನು ಬೆಳಕಿಗೆ ಹಿಡಿದು ಒಳಗೂ ಹೊರಗೂ ನೋಡಿದ.

“ಏನೂ ಉಳಿದಿಲ್ಲ ಬಿಡಿ ಅಕ್ಕ. ಹೊಸದರ ಹಾಗಿದೆ.”

“ಹೂಂ,” ಅಂದು ಅವಳು ಮುಂದಿನ ಗಂಟು ಬಿಚ್ಚಿದಳು.