ಸ್ಟೇಟಸ್ಸಿಗೆ ಹಾಕಿದ ಮದುವೆ ರವಿಕೆ

ಸಣ್ಣಪುಟ್ಟ ಅಂಗಡಿ ಇಟ್ಟುಕೊಂಡವರು ಫೋನಿನಲ್ಲಿ ತಮ್ಮ ಕೆಲಸವನ್ನು ನಾಲ್ಕು ಜನಕ್ಕೆ ತೋರಿಸಿಕೊಳ್ಳಬೇಕೋ ಬೇಡವೋ ಎಂದು ನನ್ನನ್ನು ಕೇಳುವವರೂ ಈಗ ಇದ್ದಾರೆ. ಮೊನ್ನೆ ಮಹಿಳಾ ಸಂಘದ ಸಭೆಯಲ್ಲಿ ಬೂದಿಕೋಟೆಯಿಂದ ಬಂದಿದ್ದ ಒಬ್ಬಾಕೆ, ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುವವಳು, ಪಕ್ಕಕ್ಕೆ ಬಂದು ಕೂತು ಅದನ್ನೇ ಕೇಳಿದಳು. ನಾನು ಯಾವುದಕ್ಕೂ ಎರಡು ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸುವ ಹೆಂಗಸು. ಆವತ್ತು ಮಾತ್ರ ಹಾಕಿಕೋ ಎನ್ನಲು ಮನಸ್ಸು ಬರಲಿಲ್ಲ. ಬೇಡ ಎನ್ನೋಣವೆಂದರೆ ಅದೂ ನ್ಯಾಯವಲ್ಲ, ಅದರಿಂದ ನಮ್ಮ ಒಲೆಯೂ ಉರಿದಿದೆ. ಆಮೇಲೆ ಹೇಳ್ತೀನಿ ಎಂದು ಎದ್ದು ಬಂದೆ.

ಬಂಗಾರಪೇಟೆ ಸ್ಟೇಷನ್ನಿನಿಂದ ಹೊರಬಂದು ಪೇಟೆಯ ಕಡೆ ತಿರುಗಿದರೆ ಸಿಗುವ ಗಲ್ಲಿಯಲ್ಲಿ ನನ್ನದೂ ನಮ್ಮಕ್ಕನದೂ ಒಂದು ಹೊಲಿಗೆ ಅಂಗಡಿ. ಅಂಗಡಿ ಎಂದರೆ ಎರಡು ಮಿಷನ್ನು, ಬಟ್ಟೆ ಕತ್ತರಿಸಲು ಒಂದು ಮೇಜು, ಯಾರಾದರೂ ತಿರುಗಿದರೆ ಮೊಣಕೈ ತಾಗುವಷ್ಟು ಜಾಗ. ಅಕ್ಕ ಕತ್ತರಿಸುತ್ತಾಳೆ, ಹೊಲಿಯುತ್ತಾಳೆ. ಕೊಕ್ಕೆ, ಹೆಮ್ಮಿಂಗು, ಸೀರೆಗೆ ಫಾಲ್ ಹಚ್ಚುವುದು ನನ್ನ ಪಾಲಿನ ಕೆಲಸ. ಗಿರಾಕಿಗಳ ಜೊತೆ ಜಗಳವಾಡುವುದೂ ನನ್ನ ಪಾಲಿನದೇ. ಮನೆ ಇರುವುದು ಕೆಜಿಎಫ್‌ನಲ್ಲಿ, ಮೈಸೂರು ಮೈನ್ಸಿನ ಹಳೆಯ ಕೂಲಿ ಲೈನಿನ ಸಾಲುಮನೆಯಲ್ಲಿ. ಚಿನ್ನದ ಗಣಿ ನಿಂತ ಮೇಲೆ ಆ ಲೈನುಗಳ ಜನ ಹೊಟ್ಟೆಪಾಡಿಗೆ ಬೆಂಗಳೂರಿನ ರೈಲು ಹಿಡಿದರು. ನಾವೂ ಬೆಳಿಗ್ಗೆ ಅದೇ ರೈಲು ಹತ್ತುತ್ತೇವೆ. ನಾವು ಬಂಗಾರಪೇಟೆಯಲ್ಲಿ ಇಳಿದರೆ ಉಳಿದವರು ಮುಂದಕ್ಕೆ ಹೋಗುತ್ತಾರೆ.

ನಮ್ಮ ವ್ಯಾಪಾರ ಬೆಳೆದದ್ದು ಆ ರೈಲಿನ ಹೆಂಗಸರ ಡಬ್ಬಿಯಲ್ಲೇ. ತಮಿಳಿನಲ್ಲಿ ಬೈದು, ತೆಲುಗಿನಲ್ಲಿ ಚೌಕಾಸಿ ಮಾಡಿ, ಕಡೆಗೆ ಕನ್ನಡದಲ್ಲಿ ನಾಳೆಗೇ ಬೇಕು ಎನ್ನುವ ಗಿರಾಕಿಗಳು. ಅಳತೆಗೆಂದು ಹಳೆಯ ರವಿಕೆಯನ್ನು ಊಟದ ಚೀಲದಲ್ಲೇ ಹಾಕಿಕೊಂಡು ಬಂದು, ಹುಳಿಯ ವಾಸನೆ ಸಮೇತ ನಮ್ಮ ಮಡಿಲಿಗೆ ಎಸೆಯುತ್ತಿದ್ದರು. ಅಕ್ಕನ ಕೈಯ ರವಿಕೆ ತೊಟ್ಟವಳನ್ನು ಪಕ್ಕದವಳು ಕೇಳಬೇಕು, ಅವಳು ನಮ್ಮ ಕಡೆ ಬೆರಳು ತೋರಿಸಬೇಕು. ಅಷ್ಟೇ ಪ್ರಚಾರ. ಚೆನ್ನಾಗಿ ಬಂದ ರವಿಕೆಯನ್ನು ಅಕ್ಕ ಒಂದು ದಿನದ ಮಟ್ಟಿಗೆ ಅಂಗಡಿ ಬಾಗಿಲಿಗೆ ತೂಗುಹಾಕುತ್ತಿದ್ದಳು. ದಾರಿಯಲ್ಲಿ ಹೋಗುವವರು ನೋಡಿಕೊಂಡು ಹೋಗುತ್ತಿದ್ದರು.

ಆಮೇಲೆ ಸಂಘದಲ್ಲಿ ಒಂದು ತರಬೇತಿ ನಡೆಯಿತು. ಗಿರಾಕಿ ನಿಮ್ಮನ್ನು ಹುಡುಕಿಕೊಂಡು ಬರುವ ಕಾಲ ಹೋಯಿತು, ನೀವೇ ಅವರ ಕೈಯಲ್ಲಿರುವ ಫೋನಿನೊಳಗೆ ಹೋಗಿ ಕೂರಬೇಕು ಎಂದು ಬೆಂಗಳೂರಿನಿಂದ ಬಂದಿದ್ದ ಮೇಡಮ್ ಹೇಳಿದರು. ನಾನು ಮೂಗು ಮುರಿದೆ. ಅಕ್ಕ ಮುಂದಿನ ಸಾಲಿನಲ್ಲಿ ಕೂತು, ಬೆಳಕಿಗೆ ಹಿಡಿದು ಫೋಟೋ ತೆಗೆಯುವುದು, ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕುವುದು, ಫೇಸ್‌ಬುಕ್ಕಿನಲ್ಲಿ ಅಂಗಡಿಗೊಂದು ಪೇಜು ಮಾಡುವುದು, ಎಲ್ಲವನ್ನೂ ಕಲಿತುಬಿಟ್ಟಳು. ಶಾಲೆಯಲ್ಲಿ ಮಗ್ಗಿ ಕಲಿಯದವಳಿಗೆ ಇದು ಮಾತ್ರ ಹೇಗೆ ಹತ್ತಿತೋ ಎಂದು ನಾನು ರೇಗಿಸಿದ್ದೂ ಉಂಟು.

ಕೆಲಸ ಬಂದದ್ದು ಸುಳ್ಳಲ್ಲ. ಬೇತಮಂಗಲದಿಂದ ಬಸ್ಸು ಹತ್ತಿ ಬಂದರು, ಕುಪ್ಪಂ ಕಡೆಯಿಂದ ಬಂದರು. ನಮ್ಮ ಮುಖವನ್ನೇ ನೋಡದವರು ಫೋನಿನಲ್ಲೇ ಅಕ್ಕಾ ಎಂದು ಮಾತಾಡಿಸಿ ಬಟ್ಟೆ ಕಳಿಸಿದರು. ಮದುವೆ ರವಿಕೆಗೆ ಚಮಕಿ, ಜರಿ, ಮಣಿ ಕೂರಿಸುವ ಮಗ್ಗದ ಕೆಲಸವನ್ನೂ ಅಕ್ಕ ಶುರುಮಾಡಿದಳು. ಈಗಿನ ಹೆಣ್ಣುಮಕ್ಕಳಿಗೆ ತೋಳಿನ ಮೇಲೆ ಜರಿಯಲ್ಲಿ ತಮ್ಮ ಹೆಸರು, ಪಕ್ಕದಲ್ಲಿ ಹುಡುಗನ ಹೆಸರು ಬರೆಸಿಕೊಳ್ಳುವ ಆಸೆ. ಅದರಲ್ಲಿ ಅಕ್ಕನ ಕೈ ಎತ್ತಿದ ಕೈ ಎಂದು ಹೆಸರಾಯಿತು. ಒಂದು ಫೋಟೋ ಹಾಕಿದರೆ ಸಂಜೆಯೊಳಗೆ ಇಂಥದ್ದೇ ನನಗೂ ಬೇಕು ಎಂದು ಮೆಸೇಜು. ಅಕ್ಕನ ಮುಖದಲ್ಲಿ ಒಂದು ಕಳೆ ಬಂದಿತ್ತು.

ನಮ್ಮ ಲೈನಿನದೇ ಒಂದು ಹುಡುಗಿ ಇದ್ದಳು. ಬೆಂಗಳೂರಿನಲ್ಲಿ ಚಪ್ಪಲಿ ಅಂಗಡಿಯೊಂದರಲ್ಲಿ ಕೆಲಸ. ಬೆಳಿಗ್ಗೆ ನಮ್ಮ ಜೊತೆಯೇ ರೈಲಿನಲ್ಲಿ ಬರುತ್ತಿದ್ದಳು, ರಾತ್ರಿ ಬರುವುದು ತಡ. ತಾಯಿ ನಾಲ್ಕು ಮನೆಯ ಪಾತ್ರೆ ತಿಕ್ಕುವಾಕೆ. ಈ ಹುಡುಗಿಗೆ ಹಿಂದೆ ಬೇತಮಂಗಲದ ಕಡೆ ಒಬ್ಬನ ಜೊತೆ ನಿಶ್ಚಿತಾರ್ಥವಾಗಿ ಮುರಿದಿತ್ತು. ಅವನು ಬೇರೆ ಯಾರನ್ನೋ ಕಟ್ಟಿಕೊಂಡ. ಮುರಿದದ್ದು ಅವನು, ಕೆಟ್ಟ ಹೆಸರು ಇವಳ ತಲೆಗೆ. ಅದಾದ ಮೇಲೆ ನೋಡಲು ಬಂದ ಒಂದೊಂದು ಗಂಡೂ ಯಾರೋ ಏನೋ ಊದಿದ್ದಕ್ಕೆ ಹಿಂದೆ ಸರಿಯಿತು. ಕಡೆಗೆ ಕುಪ್ಪಂ ಹತ್ತಿರದ ಒಂದು ತೆಲುಗು ಮನೆಯವರು ಒಪ್ಪಿದರು. ಹಳೆಯದನ್ನು ತಾಯಿ ಅವರಿಗೆ ಹೇಳಿರಲಿಲ್ಲ.

ನಮ್ಮ ಕಡೆ ಇಂಥ ಮದುವೆಗಳನ್ನು ಮುಚ್ಚಿಟ್ಟೇ ಮಾಡುತ್ತಾರೆ. ಲಗ್ನಪತ್ರಿಕೆ ಹಂಚುವುದಿಲ್ಲ, ನೆಂಟರಿಗೆ ಹಿಂದಿನ ದಿನ ಬಾಯಿಮಾತಿನಲ್ಲಿ ಹೇಳುತ್ತಾರೆ. ಚಾಡಿ ಹೇಳುವವರಿಗೆ ಹೊತ್ತು ಸಿಗಬಾರದು, ಅಷ್ಟೇ. ರೇಷ್ಮೆ ಬಟ್ಟೆ ತಂದು ಕೊಟ್ಟ ದಿನ ಆ ತಾಯಿ ಬಾಗಿಲು ಅರ್ಧ ಮುಂದಕ್ಕೆಳೆದು ಮಾತಾಡಿದಳು.

"ನೋಡಮ್ಮಾ, ಮದ್ವೆ ಇಸ್ಯ ಯಾರ ತಾವ್ಲೂ ಬಾಯ್ ಬುಡ್ಬ್ಯಾಡ. ಒಂದ್ ಕಿತ ಕೈ ತಪ್ಪೋಗೈತೆ. ತಾಳಿ ಕತ್ತಿಗ್ ಬೀಳೋ ಗಂಟ ಸುಮ್ಕಿರು."

ನನ್ನ ಬಾಯಿ ಹೊಲಿದು ಹಾಕಿದ್ದೀನಿ ಎಂದುಕೋ ಎಂದು ಅಕ್ಕ ನಗುತ್ತಾ ಮಾತು ಕೊಟ್ಟಳು. ಅದು ಬರಿ ಮಾತಲ್ಲ. ಯಾರಿಗೆ ಮುಟ್ಟು ನಿಂತಿದೆ ಎನ್ನುವುದು ಅತ್ತೆಗಿಂತ ಮೊದಲು ಹೊಲಿಗೆಯವಳಿಗೆ ತಿಳಿಯುತ್ತದೆ, ಏಕೆಂದರೆ ಎದೆಯ ಹತ್ತಿರ ಒಂದು ಹೊಲಿಗೆ ಬಿಚ್ಚಿಕೊಡು ಎಂದು ಮೊದಲು ಬರುವುದು ಅವಳ ಬಳಿಗೆ. ಅಂಥ ಎಷ್ಟೋ ಗುಟ್ಟು ಅಕ್ಕನ ಹೊಟ್ಟೆಯಲ್ಲಿವೆ. ಪಕ್ಕದಲ್ಲೇ ಕೂತು ಕೊಕ್ಕೆ ಹಚ್ಚುವ ನನಗೂ ಅವಳು ಹೇಳಿದವಳಲ್ಲ.

ಆ ರವಿಕೆಯ ಮೇಲೆ ಅಕ್ಕ ಜೀವ ಇಟ್ಟು ಕೂತಳು. ಕಡುಗೆಂಪು ರೇಷ್ಮೆ, ಅಂಚಿಗೆ ಮಣಿ, ಬಲತೋಳಿನಲ್ಲಿ ಜರಿಯಿಂದ ಹುಡುಗಿಯ ಹೆಸರು, ಎಡತೋಳಿನಲ್ಲಿ ಹುಡುಗನ ಹೆಸರು. ಹೆಸರು ಬರೆಸುವುದು ತಾಯಿಗೆ ಬೇಡವಾಗಿತ್ತು, ಹುಡುಗಿಯೇ ಹಟ ಹಿಡಿದಳು. ಶನಿವಾರ ಮಧ್ಯಾಹ್ನ ಕೆಲಸ ಮುಗಿಯಿತು. ಅಕ್ಕ ಎರಡು ತೋಳೂ ಕಾಣುವ ಹಾಗೆ ಮೇಜಿನ ಮೇಲೆ ಹರಡಿ, ಫೋಟೋ ತೆಗೆದು, ಯಾವತ್ತಿನ ಹಾಗೆ ಸ್ಟೇಟಸ್ಸಿಗೂ ಪೇಜಿಗೂ ಹಾಕಿದಳು. ನಾನು ಆಗ ಫಾಲ್ ಹಚ್ಚುತ್ತಾ ಬಾಗಿಲ ಕಡೆ ತಿರುಗಿ ಕೂತಿದ್ದೆ, ಏನು ಹಾಕಿದಳೆಂದು ನೋಡಿರಲಿಲ್ಲ. ನೋಡಿದ್ದರೆ ನನಗೆ ಹೊಳೆಯುತ್ತಿತ್ತು ಎಂದು ಎದೆ ತಟ್ಟಿ ಹೇಳಲಾರೆ. ಸ್ಟೇಟಸ್ ಹಾಕುವುದು ಯಾರಿಗೋ ಹೇಳುವುದು ಎಂದು ನಮ್ಮಿಬ್ಬರಿಗೂ ಯಾವತ್ತೂ ಅನ್ನಿಸಿರಲಿಲ್ಲ. ನಮಗೆ ಅದು ಅಂಗಡಿ ಬಾಗಿಲು. ದಾರಿಯಲ್ಲಿ ಹೋಗುವವರು ನೋಡುತ್ತಾರೆ, ಹೋಗುತ್ತಾರೆ.

ಭಾನುವಾರ ಅಂಗಡಿ ಮುಚ್ಚಿದ್ದಾಗ, ಎಲ್ಲಿಂದ ಎಲ್ಲಿಗೆ ಹೋಗಿ ಮುಟ್ಟಿತೋ, ಆ ಫೋಟೋ ಗಂಡಿನ ಮನೆಯವರ ಫೋನಿಗೇ ಬಂತು. ಅದರ ಹಿಂದೆಯೇ ಹಳೆಯ ನಿಶ್ಚಿತಾರ್ಥದ ಕತೆ, ಅದಕ್ಕೊಂದಿಷ್ಟು ಸುಳ್ಳಿನ ಒಗ್ಗರಣೆ. ಕಳಿಸಿದವರು ಯಾರೆಂದು ಇವತ್ತಿಗೂ ತಿಳಿದಿಲ್ಲ. ಹಳೆಯದು ಆಗಿದ್ದಕ್ಕೆ ನಮಗೆ ಬೇಜಾರಿಲ್ಲ, ಮುಚ್ಚಿಟ್ಟಿರಿ ನೋಡಿ, ಅದಕ್ಕೆ ಬೇಡ ಎಂದು ಅವರು ತೆಲುಗಿನಲ್ಲಿ ಹೇಳಿ ಫೋನಿಟ್ಟರಂತೆ. ಬೇಡವೆನ್ನಲು ಅದೊಂದು ಮರ್ಯಾದಸ್ಥ ನೆಪ ಎಂದು ನನ್ನ ಸಿಟ್ಟು. ಆದರೆ ನನ್ನ ಸಿಟ್ಟಿನಿಂದ ಯಾವ ಮದುವೆಯೂ ನಿಲ್ಲುವುದಿಲ್ಲ, ನಡೆಯುವುದೂ ಇಲ್ಲ.

ಸೋಮವಾರ ನಾವು ಬಾಗಿಲು ತೆಗೆಯುವ ಹೊತ್ತಿಗೆ ಹುಡುಗಿಯ ತಾಯಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಎದೆ ಹಗುರ ಮಾಡಿಕೊಳ್ಳುತ್ತಿದ್ದೆ. ಅವಳು ನೆಲ ನೋಡುತ್ತಾ ಒಂದೇ ಮಾತು ಕೇಳಿದಳು.

"ಯಾರ್ಗೂ ಏಳ್ಬ್ಯಾಡ ಅಂದಿದ್ನಲ್ಲಮ್ಮಾ."

"ನಾನ್ ಯಾರ್ಗೂ ಏಳ್ಲಿಲ್ಲ ಅಕ್ಕಾ," ಎಂದಳು ನಮ್ಮಕ್ಕ.

ಅದು ನಿಜ. ಅಷ್ಟು ನಿಜವಾದ ಮಾತು ಅಷ್ಟು ಕೆಲಸಕ್ಕೆ ಬಾರದೆ ಹೋದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಫೋನಿನ ವಿಷಯ ತಿಳಿಸಿ ಹೇಳಬೇಕಾದವಳು ನಾನಾದೆ. ಗುಂಡಿ ಒತ್ತುವ ಫೋನು ಬಿಟ್ಟರೆ ಬೇರೆ ಕಾಣದ ಆಕೆಗೆ ಸ್ಟೇಟಸ್ ಎಂದರೇನು ಎಂದು ನನ್ನ ಫೋನು ಹಿಡಿದು ತೋರಿಸಿ ವಿವರಿಸಿದೆ. ಆಕೆ ಎಲ್ಲವನ್ನೂ ಕೇಳಿ, ರವಿಕೆಯನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಹೋದಳು.

ಅಕ್ಕ ಆವತ್ತೇ ಸ್ಟೇಟಸ್ ಹಾಕುವುದನ್ನು ನಿಲ್ಲಿಸಿ ಪೇಜು ತೆಗೆದುಹಾಕಿದಳು. ಅದರೊಳಗಿದ್ದ ವರ್ಷಗಳ ಕೆಲಸವೆಲ್ಲ ಹೋಯಿತು. ಫೋನಿನಿಂದ ಬಂದ ಗಿರಾಕಿಗಳು ಪೇಜಿನ ಜೊತೆಗೇ ಕಾಣೆಯಾದರು. ಅವರಲ್ಲಿ ಎಷ್ಟೋ ಜನಕ್ಕೆ ನಮ್ಮ ಗಲ್ಲಿಯೂ ಗೊತ್ತಿರಲಿಲ್ಲ, ನಮಗೆ ಅವರ ಮುಖವೂ ಗೊತ್ತಿರಲಿಲ್ಲ. ಅಕ್ಕ ಮಗ್ಗದ ಕೆಲಸವನ್ನೂ ಬಿಟ್ಟಳು. ಹೆಸರು ಬರೆಸಲು ಬಂದವರನ್ನು ಕೈ ನೋವು ಎಂದು ಕಳಿಸುತ್ತಿದ್ದಳು. ರೈಲಿನಲ್ಲಿ ಹುಡುಗಿ ನಮ್ಮ ಡಬ್ಬಿಗೆ ಹತ್ತುವುದನ್ನು ನಿಲ್ಲಿಸಿದಳು. ಪ್ಲಾಟ್‌ಫಾರಮ್ಮಿನಲ್ಲಿ ದೂರದಿಂದ ಕಂಡರೆ ಅಕ್ಕನೇ ಕಂಬದ ಮರೆಗೆ ಸರಿಯುತ್ತಿದ್ದಳು. ಒಂದು ಮನೆಯ ಹೆಣ್ಣಿನ ಬಾಳು ತನ್ನ ಕೈಯಿಂದ ಹಾಳಾಯಿತು ಎನ್ನುವುದು ಅವಳಿಗೆ ಊಟದ ತಟ್ಟೆಯ ಮುಂದೆ ನೆನಪಾಗುತ್ತಿತ್ತು, ಎದ್ದುಬಿಡುತ್ತಿದ್ದಳು. ನೀನು ಬೇಕೆಂದು ಮಾಡಿದ್ದಲ್ಲ ಎಂದು ನಾನು ಹೇಳಿ ಹೇಳಿ ಸೋತೆ.

ಈ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಆ ಹುಡುಗಿ ಅಂಗಡಿಗೆ ಬಂದಳು. ಕೈಯಲ್ಲಿ ಅದೇ ರವಿಕೆ. ಚಿಕ್ಕಪ್ಪನ ಮಗಳ ಮದುವೆ ಇದೆ, ರೇಷ್ಮೆ ಸೀರೆಗೆ ಬೇರೆ ರವಿಕೆ ಇಲ್ಲ, ಎಡತೋಳಿನ ಹೆಸರು ಬಿಚ್ಚಿಕೊಡಿ, ನನ್ನ ಹೆಸರು ಇದ್ದರೆ ಇರಲಿ ಎಂದಳು. ತೆಳ್ಳಗಾಗಿದ್ದಳು. ಬೇರೆ ಗಂಡು ಯಾವುದೂ ಬಂದಿರಲಿಲ್ಲವೆಂದು ಲೈನಿನವರಿಂದ ನಮಗೆ ಗೊತ್ತಿತ್ತು.

ಅಕ್ಕ ರವಿಕೆ ತೆಗೆದುಕೊಂಡಳು. ಅಷ್ಟು ದಿನ ನುಂಗಿಕೊಂಡಿದ್ದು ಒಟ್ಟಿಗೇ ಹೊರಬಂದು, ತಪ್ಪಾಯಿತು, ನಿನ್ನ ಕಾಲು ಬೇಕಾದರೂ ಹಿಡಿದುಕೊಳ್ಳುತ್ತೇನೆ, ಗೊತ್ತಾಗದೆ ಹಾಕಿಬಿಟ್ಟೆ ಎಂದು ಬಡಬಡಿಸಿದಳು. ಹುಡುಗಿ ಸ್ಟೂಲಿನ ಮೇಲೆ ಕೂತು, ಮೇಜಿನ ಅಂಚನ್ನೇ ನೋಡುತ್ತಾ ಕೇಳಿಸಿಕೊಂಡಳು.

"ನೀವ್ ಆಕಿದ್ ಗಳ್ಗೇಲೇ ನಾನ್ ನೋಡ್ದೆ ಅಕ್ಕಾ," ಎಂದಳು. "ತೆಗೀರಿ ಅಂತ ಒಂದ್ ಮಾತ್ ಏಳ್ಬೋದಿತ್ತು. ಏಳ್ಲಿಲ್ಲ."

ಅಕ್ಕ ತಲೆಯೆತ್ತಿದಳು.

"ಮದ್ವೆ ಗೊತ್ತಾದಾಗಿಂದ ಅಮ್ಮ ನನ್ನ ನಗಾಕೂ ಬುಡ್ಲಿಲ್ಲ, ಯಾರಾದ್ರೂ ಕಂಡಾರು ಅಂತ. ಆವತ್ತು ರಾತ್ರಿ ರೈಲಲ್ಲಿ ಅದ್ನ ನೋಡಿ ಎಲ್ರೂ ನನ್ ಕೈ ಇಡ್ಕೊಂಡು ಒಳ್ಳೇದಾಗ್ಲಿ ಅಂದ್ರು. ಒಬ್ರು ತಮ್ ತಲೇಲಿದ್ದ ಮಲ್ಲಿಗೆ ತೆಗ್ದು ನಂಗ್ ಮುಡ್ಸಿದ್ರು. ಕೆಜಿಎಫ್ ಬರೋ ಗಂಟ ಎಲ್ರೂ ನನ್ನೇ ನೋಡ್ತಿದ್ರು." ಅಕ್ಕನ ಕೈಯಲ್ಲಿದ್ದ ರವಿಕೆಯ ಕಡೆ ನೋಡಿ, "ಮದ್ವೆ ಅಂತ ನಂಗ್ ಆಗಿದ್ದು ಅದೊಂದೇ ಅಕ್ಕಾ," ಎಂದಳು.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಕೈಯಿಂದ ಆ ಕೆಲಸ ಆಗುವ ಹಾಗಿರಲಿಲ್ಲ. ನಾನೇ ರವಿಕೆಯನ್ನು ತೆಗೆದುಕೊಂಡು, ಸಣ್ಣ ಕತ್ತರಿ ಹುಡುಕಿ, ಆ ಹುಡುಗನ ಹೆಸರಿನ ಕೊನೆಯ ಅಕ್ಷರದಿಂದ ಬಿಚ್ಚುತ್ತಾ ಬಂದೆ. ಹುಡುಗಿ ಎದುರಿಗೇ ಕೂತು ಕೊನೆಯವರೆಗೂ ನೋಡಿದಳು.